ಇಂಟಿಗ್ರೇಷನ್ ಗೆಲ್ಲಬೇಕೆ? ‘ಇ’ ಹಿಡಿಯಿರಿ!

ದೇವದುರ್ಗ, ಮಾನ್ವಿಯಿಂದ ರಾಯಚೂರಿನ ಬಸ್ ಹತ್ತುವ ಪಿಯುಸಿ ವಿದ್ಯಾರ್ಥಿಗಳೇ, ಸಿಇಟಿ ಗಣಿತದಲ್ಲಿ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಯೊಂದಕ್ಕೆ 80 ಸೆಕೆಂಡ್. ಇಂಟಿಗ್ರೇಷನ್ ಕಂಡ ಕೂಡಲೇ ಪುಟ ತಿರುಗಿಸುವ ಚಾಳಿ ಇವತ್ತೇ ಬಿಡಿ.

1. ‘ಕನ್ನಡ ಮೀಡಿಯಂ, ನನ್ನಿಂದಾಗಲ್ಲ’ ಅನ್ನಬೇಡಿ. ಎಸ್ಸೆಸ್ಸೆಲ್ಸಿ ಪಠ್ಯದಲ್ಲಿ ಅನುಕಲನವೇ ಇಲ್ಲ. ಇಂಗ್ಲಿಷ್ ಮೀಡಿಯಂನವರೂ ಅದನ್ನು ಸೊನ್ನೆಯಿಂದಲೇ ಶುರು ಮಾಡುತ್ತಾರೆ.

2. ಸೈನ್, ಕಾಸ್ ಕಂಡರೆ ‘ಇ’ಗೆ ಬದಲಿಸಿ. ಆಯ್ಲರ್ ಸೂತ್ರದಂತೆ ಇ ಪವರ್ ಐ ತೀಟಾ ಅಂದರೆ ಕಾಸ್ ತೀಟಾ ಪ್ಲಸ್ ಐ ಸೈನ್ ತೀಟಾ. ಇ ಪವರ್ 2ಎಕ್ಸ್ ಇಂಟು ಸೈನ್ 3ಎಕ್ಸ್ ಕೇಳಿದ್ದಾರೆಯೇ? ಅದು ಇ ಪವರ್ (2 ಪ್ಲಸ್ 3ಐ)ಎಕ್ಸ್‌ನ ಕಾಲ್ಪನಿಕ ಭಾಗ. 2 ಪ್ಲಸ್ 3ಐಯಿಂದ ಭಾಗಿಸಿ, ಮತ್ತೆ ಕಾಲ್ಪನಿಕ ಭಾಗ ಆರಿಸಿ. ಉತ್ತರ: ಇ ಪವರ್ 2ಎಕ್ಸ್ ಇಂಟು (2 ಸೈನ್ 3ಎಕ್ಸ್ ಮೈನಸ್ 3 ಕಾಸ್ 3ಎಕ್ಸ್) ಬೈ 13, ಪ್ಲಸ್ ಸಿ. ಎರಡು ಸಲ ‘ಬೈ ಪಾರ್ಟ್ಸ್’ ಮಾಡುವ ಕೆಲಸ ಒಂದು ಭಾಗಾಕಾರದಲ್ಲಿ ಮುಗಿಯಿತು. ಈ ಅಧ್ಯಾಯದಲ್ಲಿ ಇದಕ್ಕಿಂತ ಚೆಂದದ ದಾರಿ ನನಗೆ ಕಂಡಿಲ್ಲ.

3. ಬೋರ್ಡ್ ಪರೀಕ್ಷೆಯಲ್ಲಿ ಮಾತ್ರ ‘ಬೈ ಪಾರ್ಟ್ಸ್’ ಬರೆಯಿರಿ. ಅಲ್ಲಿ ಹಂತಕ್ಕೂ ಅಂಕ ಇದೆ.

4. ಆಯ್ಕೆಗಳನ್ನು ಡಿಫರೆನ್ಷಿಯೇಟ್ ಮಾಡಿ, ಎಕ್ಸ್ ಜಾಗದಲ್ಲಿ 0 ಹಾಕಿ. ಮೇಲಿನ ಉತ್ತರಕ್ಕೆ (6 ಮೈನಸ್ 6) ಬೈ 13, ಅಂದರೆ ಸೊನ್ನೆ. ಪ್ರಶ್ನೆಯಲ್ಲಿರುವ ಸೈನ್ 0 ಕೂಡ ಸೊನ್ನೆಯೇ. ಮಧ್ಯೆ ಪ್ಲಸ್ ಇರುವ ಆಯ್ಕೆ 12 ಬೈ 13 ಕೊಡುತ್ತದೆ. ಅದನ್ನು ಹೊಡೆದುಹಾಕಿ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಜೆಇಇ ಮೇನ್‌ನಲ್ಲಿ ಕಳೆಯುತ್ತಾರೆ. 2019ರಲ್ಲಿ ಶುರುವಾದ ರಾಯಚೂರು ಐಐಐಟಿಯ ಬಿ.ಟೆಕ್ ಸೀಟಿಗೆ ಜೆಇಇ ಮೇನ್ ರ್‍ಯಾಂಕ್ ಬೇಕು. ಊರಲ್ಲೇ ಇರುವ ಸೀಟು, ಬಿಡಬೇಡಿ.

5. ಆಗದ್ದನ್ನು ಗುರುತಿಸಿ. ಇ ಪವರ್ ಎಕ್ಸ್ ಸ್ಕ್ವೇರ್‌ಗೆ ನಮಗೆ ಗೊತ್ತಿರುವ ಫಂಕ್ಷನ್‌ಗಳಲ್ಲಿ ಉತ್ತರವೇ ಇಲ್ಲ. ಉತ್ತರ ಇದ್ದರೆ ಅದರ ರೂಪ ಹೇಗಿರಬೇಕು ಎಂದು ಫ್ರಾನ್ಸಿನ ಲಿಯೋವಿಲ್ 1830ರ ದಶಕದಲ್ಲೇ ತೋರಿಸಿದರು. ರಾಬರ್ಟ್ ರಿಶ್ 1969ರಲ್ಲಿ ಅದನ್ನು ಕಂಪ್ಯೂಟರ್‌ಗೆ ಒಗ್ಗುವ ಬೀಜಗಣಿತವಾಗಿ ಬೆಳೆಸಿದರು. ಇ ಪವರ್ ಎಕ್ಸ್ ಸ್ಕ್ವೇರ್ ಮುಂದೆ ಒಂದು ಎಕ್ಸ್ ಗುಣಕವಾಗಿದ್ದರೆ? ಎಕ್ಸ್ ಸ್ಕ್ವೇರನ್ನು ಟಿ ಅನ್ನಿ, ಒಂದೇ ಸಾಲಿನಲ್ಲಿ ಮುಗಿಸಿ.

6. ಇಂಟಿಗ್ರೇಷನ್ ಮಾಡಿಕೊಡುವ ಮ್ಯಾಕ್ಸಿಮಾ ಸಾಫ್ಟ್‌ವೇರ್ ಉಚಿತ, ಬಳಸಿ. ಆದರೆ ಮೊದಲು ಪೆನ್ನು, ಆಮೇಲೆ ಸ್ಕ್ರೀನ್. ಪರೀಕ್ಷಾ ಹಾಲ್‌ಗೆ ಪೆನ್ನು ಮಾತ್ರ ಬರುತ್ತದೆ.