ಮದ್ದು ಕೊಡದ ಇಲಿ: ಒಂದು ಪಾಠದ ಅವಲೋಕನ

ಮರವಂತೆಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೇ ತರಗತಿಗೆ ನಾನು ಮಾಡಿದ ಪಾಠವಿದು. ವಿಷಯ: ಜಠರದ ಹುಣ್ಣಿಗೆ ಹೊಸ ಔಷಧವನ್ನು ಪ್ರಯೋಗಾಲಯದ ಪ್ರಾಣಿಗಳಲ್ಲಿ ಪರೀಕ್ಷಿಸುವ ಬಗೆ. ಉದ್ದೇಶ: ಔಷಧ ಕೊಡದ ‘ನಿಯಂತ್ರಣ ಗುಂಪು’ ಏಕೆ ಬೇಕೆಂದು ವಿದ್ಯಾರ್ಥಿಯು ವಿವರಿಸುವನು.

ಪೀಠಿಕೆ ಸುಲಭವಾಯಿತು. “ಮನೆಯಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಯಾರು ನುಂಗುತ್ತಾರೆ?” ಎಂದದ್ದೇ ತಡ, ಅರ್ಧ ತರಗತಿಯ ಕೈ ಮೇಲೆದ್ದಿತು. ಚಾರ್ಟಿನಲ್ಲಿ ಆರಾರು ಇಲಿಗಳ ಮೂರು ಗುಂಪು ಬರೆದಿದ್ದೆ: ಬರೀ ನೀರು ಕುಡಿದವು, ಹಳೆಯ ಔಷಧ ಪಡೆದವು, ಹೊಸದನ್ನು ಪಡೆದವು. ಕೊನೆಯ ಚೌಕದಲ್ಲಿ ‘ಇಲಿ ಗುಣಮುಖ’ ಎಂದಿತ್ತು.

ಮೂರನೇ ಬೆಂಚಿನ ಹುಡುಗಿ ಕೇಳಿದಳು: “ಮದ್ದ್ ಕೊಡ್ದೆ ಇದ್ದ ಇಲಿಗೆ ಕಡೆಗೆ ಎಂಥ ಮಾಡ್ತ್ರ್ ಸರ್?”

“ಅದಕ್ಕೂ ಆಮೇಲೆ ಔಷಧ ಕೊಡುತ್ತಾರೆ” ಎಂದುಬಿಟ್ಟೆ. ಗಂಟೆ ಹೊಡೆಯಿತು. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಒಂದೇ ಸಾಲು ಬರೆದಿದ್ದರು: ‘ಹೊಟ್ಟೆ ತೆರೆಯದೆ ಹುಣ್ಣು ಮಾಯಿತೆಂದು ಹೇಗೆ ತಿಳಿಯಿತು?’

ನಾನು ಓದಿಕೊಂಡಿರಲಿಲ್ಲವೆಂದಲ್ಲ. ಹೇಳಲು ಅಳುಕಿದ್ದೆ.

ಮರುದಿನ ಚಾರ್ಟು ಮತ್ತೆ ತೂಗುಹಾಕಿ, ನಿನ್ನೆ ಹೇಳಿದ್ದು ಸುಳ್ಳೆಂದೆ. ಶೇ ಮತ್ತು ಸಂಗಡಿಗರು 1945ರಲ್ಲಿ ವಿವರಿಸಿದ ವಿಧಾನವನ್ನು ಇದ್ದಂತೆಯೇ ತಿಳಿಸಿದೆ. ಇಲಿಯನ್ನು ಉಪವಾಸವಿರಿಸುತ್ತಾರೆ. ತನ್ನ ಹಿಕ್ಕೆಯನ್ನೇ ತಿನ್ನಬಾರದೆಂದು ಪಂಜರದ ತಳಕ್ಕೆ ತಂತಿಬಲೆ ಇರುತ್ತದೆ. ಅರಿವಳಿಕೆ ಕೊಟ್ಟು, ಜಠರದಿಂದ ಸಣ್ಣಕರುಳಿಗೆ ಹೋಗುವ ಬಾಯಿಯನ್ನು ದಾರದಿಂದ ಕಟ್ಟುತ್ತಾರೆ. ಆಮ್ಲ ಒಳಗೇ ತುಂಬಿ ಗೋಡೆಯಲ್ಲಿ ಹುಣ್ಣೇಳುತ್ತದೆ. ಕೆಲವು ಗಂಟೆಗಳ ಬಳಿಕ ಇಲಿಯನ್ನು ಕೊಂದು, ಜಠರ ಸೀಳಿ, ಹುಣ್ಣುಗಳನ್ನು ಎಣಿಸಿ ಅಂಕ ಕೊಡುತ್ತಾರೆ. ರಸದ ಆಮ್ಲತೆಯನ್ನು ಅಳೆಯುತ್ತಾರೆ. ಮದ್ದು ಪಡೆದ ಇಲಿಯೂ ಉಳಿಯುವುದಿಲ್ಲ.

ತರಗತಿ ಸ್ತಬ್ಧವಾಯಿತು. ಒಬ್ಬ ಹುಡುಗ, ಮನುಷ್ಯರೇ ಕುಡಿದು ನೋಡಬಾರದೇ ಎಂದ. ಪಠ್ಯದಲ್ಲಿದ್ದ ಬ್ಯಾರಿ ಮಾರ್ಷಲ್ ನೆರವಿಗೆ ಬಂದರು. ಹಂದಿಮರಿಗಳಿಗೆ ಬ್ಯಾಕ್ಟೀರಿಯಾ ಸೋಂಕು ತಗಲಿಸಲಾಗದೆ 1984ರಲ್ಲಿ ತಾವೇ ಅದನ್ನು ಕುಡಿದವರು ಅವರು. ಜಠರದ ಉರಿಯೂತ ಬಂತು, ಹುಣ್ಣು ಬರಲಿಲ್ಲ. ಒಮೆಪ್ರಜೋಲ್ ಕಥೆಯನ್ನೂ ಸೇರಿಸಿದೆ. ದೀರ್ಘಕಾಲ ಹೆಚ್ಚು ಪ್ರಮಾಣ ಕೊಟ್ಟಾಗ ಇಲಿಗಳ ಜಠರದಲ್ಲಿ ಗೆಡ್ಡೆಗಳು ಕಂಡು, ಮನುಷ್ಯರ ಮೇಲಿನ ಪ್ರಯೋಗವೇ ನಿಂತಿತ್ತು. ಆಮ್ಲ ತೀರಾ ತಗ್ಗಿದ್ದರಿಂದ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಏರಿದ್ದೇ ಕಾರಣವೆಂದು ತಿಳಿದ ಮೇಲೆ, 1988ರಲ್ಲಿ ಅದು ಮಾರುಕಟ್ಟೆಗೆ ಬಂತು. ಅವರ ಅಜ್ಜಿಯಂದಿರ ಮಾತ್ರೆಗಳಲ್ಲಿ ಅದೂ ಇರಬಹುದು.

ಆಗ ಅದೇ ಹುಡುಗಿ: “ಹಂಗಾರೆ ಆರ್ ಇಲಿ ಬದ್ಲಿಗೆ ಮೂರ್ ಸಾಕಾತಿಲ್ಯಾ?”

ನನ್ನ ಪಾಠದ ಉದ್ದೇಶ ಈಡೇರಿದ್ದು ಇಲ್ಲಿ. ಒಂದೇ ರೀತಿ ಕಟ್ಟಿದರೂ ಎಲ್ಲ ಇಲಿಗಳಿಗೂ ಒಂದೇ ಸಮ ಹುಣ್ಣಾಗುವುದಿಲ್ಲ. ತೀರಾ ಕಡಿಮೆಯಾದರೆ ವ್ಯತ್ಯಾಸ ಮದ್ದಿನದೋ ಇಲಿಯದೋ ತಿಳಿಯದೆ, ಸತ್ತ ಮೂರೂ ವ್ಯರ್ಥ. ಹೆಚ್ಚಾದರೆ ಅನಗತ್ಯ ಸಾವು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ನಿಯಮಗಳಂತೆ ಪ್ರತಿ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯೂ ಸಂಶೋಧಕರನ್ನು ಇದನ್ನೇ ಕೇಳುತ್ತದೆ ಎಂದಾಗ ಅವಳು ಪಕ್ಕದವಳತ್ತ ತಿರುಗಿ ನೋಡಿದಳು.

ಪಾಠಯೋಜನೆಯನ್ನು ತಿದ್ದಿದ್ದೇನೆ. ಒಂದು ಅವಧಿ ಸಾಲದು, ಎರಡು ಬೇಕು. ಚಾರ್ಟಿನ ಕೊನೆಯ ಚೌಕದಲ್ಲಿ ಈಗ ‘ಹುಣ್ಣಿನ ಅಂಕ’ ಎಂದಿದೆ. ಅದರ ಕೆಳಗೆ, ಮೂರು ಗುಂಪಿಗೂ ಸೇರಿ, ‘18 ಇಲಿಗಳು’.