ಸರಾಸರಿ ಸಂಬಳ ಯಾರ ಸಂಬಳ?
ಹತ್ತನೇ ತರಗತಿಯ ಸಂಖ್ಯಾಶಾಸ್ತ್ರ ಘಟಕಕ್ಕೆ ಊರಿನ ಉದ್ಯೋಗದ ಪ್ರಶ್ನೆಯಿಂದ ಒಂದು ಪ್ರವೇಶ

ಅಭ್ಯಾಸ ಬೋಧನೆಯಲ್ಲಿ ನನಗೆ ಹೊನ್ನಾವರ ತಾಲೂಕಿನ ಪ್ರೌಢಶಾಲೆಯೊಂದರ ಹತ್ತನೇ ತರಗತಿಯ ಗಣಿತ ಹಂಚಿಕೆಯಾಗಿತ್ತು. ಸರಾಸರಿ, ಮಧ್ಯಾಂಕ, ಬಹುಲಕಗಳ ಲೆಕ್ಕ ಮಾಡಲು ಮಕ್ಕಳಿಗೆ ಬರುತ್ತಿತ್ತು. ಆದರೆ ಈ ಮೂರರಲ್ಲಿ ಯಾವುದನ್ನು ಯಾವಾಗ ನಂಬಬೇಕು ಎಂದು ಕೇಳಿದರೆ ಉತ್ತರವಿರಲಿಲ್ಲ. ಕ್ರಿಕೆಟ್ ರನ್ನು, ಪರೀಕ್ಷೆಯ ಅಂಕಗಳ ಉದಾಹರಣೆಗಳಲ್ಲಿ ಈ ಪ್ರಶ್ನೆಗೆ ತೂಕ ಬರುವುದಿಲ್ಲ. ಆದ್ದರಿಂದ ಅವರ ಮನೆಗಳಲ್ಲಿ ದಿನವೂ ಮಾತಿಗೆ ಬರುವ ವಿಷಯವನ್ನೇ ಎತ್ತಿಕೊಂಡೆ: ಊರಲ್ಲಿ ಒಳ್ಳೆಯ ಸಂಬಳದ ಕೆಲಸ. ಎರಡು ಅವಧಿಗಳಲ್ಲಿ ಮುಗಿದ ಈ ಪಾಠವನ್ನು ಸಹ ಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತಿದ್ದೇನೆ.

ವಿಷಯದ ಸ್ಥಳೀಯ ಹಿನ್ನೆಲೆ

ನಮ್ಮ ಕರಾವಳಿಯ ಪಟ್ಟಣಗಳಲ್ಲಿ ದುಡಿಮೆ ಬಂದು ಹೋದದ್ದು ಹೊಸತಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹೊರಡುತ್ತಿತ್ತು. ಆ ಹತ್ತಿಗೆ ಕುಮಟಾದ ಹೆಸರೇ ಬಿದ್ದಿತ್ತು. 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಹಾದಿಯಾದ ಮೇಲೆ ಸರಕು ಆ ಕಡೆ ತಿರುಗಿತು, ಕುಮಟಾದ ವ್ಯಾಪಾರ ಇಳಿಯಿತು. ಭಟ್ಕಳದ ಎಷ್ಟೋ ಮನೆಗಳು ಇಂದು ಗಲ್ಫ್ ದುಡಿಮೆಯ ಮೇಲೆ ನಿಂತಿವೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರಿನ ಯೋಜನೆಯನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ಬಂದರು ಬಂದರೆ ಕೆಲಸ ಸಿಗುತ್ತದೆ ಎನ್ನುವವರೂ ಇದ್ದಾರೆ. ಅದೇ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಸಿಕ್ಕಿದೆ; ಅತ್ತ ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಗಿದೆ. ಬಂದರು, ಪ್ರವಾಸ, ಮೀನು, ಗಲ್ಫ್ – ಯಾವುದರ ಮಾತು ಬಂದರೂ ಚುನಾವಣೆಯ ಭಾಷಣದಲ್ಲಿ 'ಉದ್ಯೋಗ' ಎಂಬ ಪದ ಇದ್ದೇ ಇರುತ್ತದೆ. ಆ ಪದದ ಹಿಂದಿನ ಅಂಕಿಯನ್ನು ಕೇಳುವ ಅಭ್ಯಾಸ ಗಣಿತದ ತರಗತಿಯಲ್ಲಿ ಆಗಬೇಕು ಎಂಬುದು ಈ ಪಾಠದ ಆಶಯ.

ಕಲಿಕೆಯ ಉದ್ದೇಶಗಳು

1. ಒಂದೇ ದತ್ತಾಂಶಕ್ಕೆ ಸರಾಸರಿ, ಮಧ್ಯಾಂಕ, ಬಹುಲಕ ಕಂಡುಹಿಡಿದು ಹೋಲಿಸುವರು.
2. ಅತಿ ದೊಡ್ಡ ಬೆಲೆಯೊಂದು ಸರಾಸರಿಯನ್ನು ಹೇಗೆ ಎಳೆಯುತ್ತದೆ ಎಂದು ವಿವರಿಸುವರು.
3. ಉದ್ಯೋಗದ ಭರವಸೆಯೊಂದನ್ನು ಅಳೆಯಲು ಬೇಕಾದ ಪ್ರಶ್ನೆಗಳನ್ನು ತಾವೇ ರಚಿಸುವರು.

ಬೋಧನೋಪಕರಣ: ಸಂಬಳ ಬರೆದ 20 ರಟ್ಟಿನ ಚೀಟಿಗಳು, ಕಪ್ಪುಹಲಗೆ. ಮಕ್ಕಳ ಮನೆಯ ಆದಾಯವನ್ನು ಕೇಳಬಾರದು ಎಂದು ಮೊದಲೇ ನಿರ್ಧರಿಸಿದ್ದೆ. ಚೀಟಿಯಲ್ಲಿದ್ದದ್ದು ಪಾಠಕ್ಕಾಗಿ ನಾನೇ ಹೊಂದಿಸಿಕೊಂಡ ಅಂಕಿಗಳು.

ಚಟುವಟಿಕೆ 1: ಇಪ್ಪತ್ತು ಉದ್ಯೋಗ

"ಒಂದು ಹೊಸ ಕಾರ್ಖಾನೆ ಬರುತ್ತದೆ, 20 ಜನರಿಗೆ ಕೆಲಸ, ಸರಾಸರಿ ತಿಂಗಳ ಸಂಬಳ 29,000 ರೂಪಾಯಿ" ಎಂದು ಹಲಗೆಯ ಮೇಲೆ ಬರೆದೆ. ಸೇರುತ್ತೀರಾ ಎಂದು ಕೇಳಿದಾಗ ಬಹುತೇಕ ಎಲ್ಲರ ಕೈಯೂ ಮೇಲೆದ್ದಿತು. ಆಮೇಲೆ ಚೀಟಿ ಹಂಚಿ, ಸಂಬಳದ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದೆ.

ಗುತ್ತಿಗೆ ಕೆಲಸಗಾರರು 12 ಜನ: ತಲಾ 14,000
ಯಂತ್ರ ನಡೆಸುವವರು, ಗುಮಾಸ್ತರು 5 ಜನ: ತಲಾ 22,000
ಎಂಜಿನಿಯರ್ 2 ಜನ: ತಲಾ 60,000
ವ್ಯವಸ್ಥಾಪಕ ಒಬ್ಬರು: 1,82,000

ಒಟ್ಟು 5,80,000, ಅದನ್ನು 20ರಿಂದ ಭಾಗಿಸಿದರೆ 29,000. ಭರವಸೆಯಲ್ಲಿ ಸುಳ್ಳಿಲ್ಲ. ಆದರೆ ಸಾಲಿನ 10ನೇ ಮತ್ತು 11ನೇ ಮಗುವಿನ ಕೈಯಲ್ಲಿದ್ದದ್ದು 14,000ದ ಚೀಟಿ. ಅಂದರೆ ಮಧ್ಯಾಂಕ 14,000; ಬಹುಲಕವೂ ಅಷ್ಟೇ. "ಸರಾಸರಿಗಿಂತ ಕಡಿಮೆ ಇರುವವರು ಕೂತುಕೊಳ್ಳಿ" ಎಂದಾಗ 17 ಮಕ್ಕಳು ಕೂತರು, ಮೂವರು ನಿಂತೇ ಇದ್ದರು. 29,000ದ ಚೀಟಿ ಒಬ್ಬರ ಕೈಯಲ್ಲೂ ಇರಲಿಲ್ಲ. ಮಧ್ಯಾಂಕ ಏಕೆ ಬೇಕು ಎಂದು ಇದಾದ ಮೇಲೆ ನಾನು ಬೇರೆ ವಿವರಿಸಬೇಕಾಗಲಿಲ್ಲ.

ಚಟುವಟಿಕೆ 2: ಸ್ಥಳೀಯರಿಗೆ ಎಷ್ಟು?

ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಆಡಳಿತೇತರ ಹುದ್ದೆಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಅದೇ ವಾರ ತಡೆಹಿಡಿದಿತ್ತು. ಆ ಶೇಕಡಾವನ್ನು ನಮ್ಮ ಕಾರ್ಖಾನೆಗೆ ಹಚ್ಚಿ ನೋಡಿ ಎಂದೆ. ಮೇಲಿನ ಮೂರನ್ನು ಆಡಳಿತ ಹುದ್ದೆ ಎಂದು ಹಿಡಿದರೆ ಉಳಿಯುವುದು 17. ಅದರ ಶೇ. 70 ಎಂದರೆ 11.9, ಅಂದರೆ 12. ಗುತ್ತಿಗೆಯ 12 ಕೆಲಸಗಳನ್ನಷ್ಟೇ ಊರಿನವರಿಗೆ ಕೊಟ್ಟರೂ ಆಡಳಿತೇತರ ಭಾಗದ ಲೆಕ್ಕ ಭರ್ತಿ! ಇದನ್ನು ಕಂಡುಹಿಡಿದದ್ದು ಹಿಂದಿನ ಬೆಂಚಿನ ಒಂದು ಗುಂಪು. ಶೇಕಡಾ ಎಷ್ಟು ಎಂಬುದರ ಜೊತೆಗೆ ಅದು ಯಾವ ಮೆಟ್ಟಿಲಿನ ಕೆಲಸ ಎಂದೂ ಕೇಳಬೇಕು ಎಂಬ ತೀರ್ಮಾನ ಅವರದೇ.

ಚಟುವಟಿಕೆ 3: ವರ್ಷಕ್ಕೆ ಎಷ್ಟು ತಿಂಗಳು?

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟಿನಲ್ಲಿ 10 ತಿಂಗಳು ತಲಾ 18,000 ದುಡಿದವರಿಗೆ 12 ತಿಂಗಳ ಸರಾಸರಿ 15,000. ಉದ್ಯೋಗ ಖಾತರಿಯಲ್ಲಿ 2024-25ರ ಕರ್ನಾಟಕದ ದಿನಗೂಲಿ 349 ರೂಪಾಯಿ. 100 ದಿನ ಪೂರ್ತಿ ಸಿಕ್ಕಿದರೂ ವರ್ಷಕ್ಕೆ 34,900, ತಿಂಗಳಿಗೆ ಸುಮಾರು 2,908. ದಿನದ ಕೂಲಿ, ತಿಂಗಳ ಸಂಬಳ, ವರ್ಷದ ಆದಾಯ – ಮೂರನ್ನೂ ಒಂದೇ ಅಳತೆಗೆ ತರದೆ ಹೋಲಿಸಬಾರದು ಎಂಬುದು ಇಲ್ಲಿನ ಕಲಿಕಾಂಶ.

ಇಲ್ಲಿ ಒಬ್ಬ ಹುಡುಗಿ ಕೇಳಿದಳು: "ಅಕ್ಕೋರೇ, ನಮ್ಮಮ್ಮ ಟೊಂಕದಲ್ಲಿ ಮೀನು ಒಣಗಿಸ್ತದೆ. ಅದು ಉದ್ಯೋಗದ ಲೆಕ್ಕಕ್ಕೆ ಬರ್ತದಾ?" ನನ್ನ ಪಾಠಯೋಜನೆಯಲ್ಲಿ ಇಲ್ಲದ, ಆದರೆ ಪಾಠಕ್ಕೆ ಬೇಕಾಗಿದ್ದ ಪ್ರಶ್ನೆ ಅದು. ಹಲಗೆಯ ಮೇಲೆ ಒಂದು ಸಾಲು ಬರೆದೆ: ನಿವ್ವಳ ಉದ್ಯೋಗ = ಹೊಸದಾಗಿ ಬರುವುದು – ಇರುವುದರಲ್ಲಿ ಹೋಗುವುದು. ಸಂಬಳದ ಚೀಟಿ ಇಲ್ಲದ ದುಡಿಮೆಯನ್ನು ಎರಡನೆಯ ಪದದಲ್ಲಿ ಸೇರಿಸದಿದ್ದರೆ ಉತ್ತರ ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ. "ಬಂದರಾದರೆ ನಮ್ಮಣ್ಣ ಬೆಂಗಳೂರಿಂದ ವಾಪಸ್ ಬರಬಹುದು" ಎಂದ ಹುಡುಗನ ಮಾತಿಗೂ ಅದೇ ಸಾಲಿನಲ್ಲಿ, ಮೊದಲನೆಯ ಪದದಲ್ಲಿ, ಜಾಗವಿತ್ತು. ಇಬ್ಬರಲ್ಲಿ ಯಾರು ಸರಿ ಎಂದು ನಾನು ಹೇಳಲಿಲ್ಲ. ಇಬ್ಬರಿಗೂ ಬೇಕಾದ ಅಂಕಿ ಯಾವುದು ಎಂದು ಕೇಳಿದೆ.

ಯಾರನ್ನು ಕೇಳಬೇಕು?

ಇದು ಸಮಾಜ ವಿಜ್ಞಾನಕ್ಕೆ ಸೇರುವ ಕೊಂಡಿ. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಮೀನುಗಾರಿಕೆ, ಸಣ್ಣ ಕೈಗಾರಿಕೆ, ವೃತ್ತಿ ತರಬೇತಿ ಸೇರಿವೆ; ಇವು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳು. ಪುರಸಭೆ, ಪಟ್ಟಣ ಪಂಚಾಯಿತಿಗಳಿಗಾಗಿ ಇರುವ 12ನೇ ಅನುಸೂಚಿಯ 18 ವಿಷಯಗಳಲ್ಲಿ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆಯೂ ಒಂದು. ವಾರ್ಡಿನ ಸದಸ್ಯರೆಂದರೆ ಗಟಾರ, ಬೀದಿದೀಪಕ್ಕೆ ಮಾತ್ರ ಎಂದುಕೊಂಡಿದ್ದ ಮಕ್ಕಳಿಗೆ ಇದು ಹೊಸ ವಿಷಯವಾಗಿತ್ತು.

ಮೌಲ್ಯಮಾಪನ

ಗುಂಪುಗಳು ಭರವಸೆಯನ್ನು ಅಳೆಯುವ ಪ್ರಶ್ನೆಗಳನ್ನು ಬರೆದವು. ಪುನರಾವರ್ತನೆ ತೆಗೆದ ಮೇಲೆ ಉಳಿದವು ಐದು:

1. ಎಷ್ಟು ಕೆಲಸ, ಅವುಗಳ ಮಧ್ಯಾಂಕ ಸಂಬಳ ಎಷ್ಟು?
2. ಕಾಯಂ ಎಷ್ಟು, ಗುತ್ತಿಗೆ ಎಷ್ಟು?
3. ವರ್ಷದಲ್ಲಿ ಎಷ್ಟು ತಿಂಗಳು?
4. ಊರಿನವರಿಗೆ ಯಾವ ಹುದ್ದೆ, ಅದಕ್ಕೆ ಏನು ಓದಿರಬೇಕು?
5. ಈಗಿರುವ ಯಾವ ದುಡಿಮೆ ಹೋಗುತ್ತದೆ?

ನಾಲ್ಕನೆಯದು ನಮ್ಮಂಥ ಶಿಕ್ಷಕರಿಗೂ ಹಾಕಿದ ಪ್ರಶ್ನೆ. ಕೆಲಸ ಬಂದಾಗ ಮೇಲಿನ ಮೂರು ಚೀಟಿ ಹಿಡಿಯುವ ಗಣಿತ, ವಿಜ್ಞಾನ ನಮ್ಮ ಮಕ್ಕಳಿಗೆ ಬಂದಿರಬೇಕಾದರೆ ಅದರ ಹೊಣೆಯಲ್ಲಿ ನಮಗೂ ಪಾಲಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಪಕ್ಷದ ಹೆಸರು, ಅಭ್ಯರ್ಥಿಯ ಹೆಸರು ತರಗತಿಗೆ ತರಬೇಡಿ. ಮಕ್ಕಳು ತಂದರೆ ಮಾತನ್ನು ಅಂಕಿಗೆ ತಿರುಗಿಸಿ. ಕಲ್ಪಿತ ಅಂಕಿ ಯಾವುದು, ನಿಜವಾದದ್ದು ಯಾವುದು ಎಂದು ಹಲಗೆಯ ಮೇಲೆ ಬೇರೆ ಬೇರೆ ಬರೆಯಿರಿ. ಒಂದು ತರಗತಿಯಲ್ಲಿ ಬೋಟಿನ ಮನೆಯವರೂ ಗಲ್ಫ್ ಮನೆಯವರೂ ತೋಟದ ಕೂಲಿಯವರೂ ಇರುತ್ತಾರೆ. ಯಾರ ದುಡಿಮೆಯೂ ಕೆಟ್ಟ ಉದಾಹರಣೆಯಾಗಬಾರದು. ಚಟುವಟಿಕೆ 1ಕ್ಕೆ ಒಂದು ಅವಧಿ ಪೂರ್ತಿ ಬೇಕು, ಉಳಿದ ಎರಡನ್ನು ಮುಂದಿನ ಅವಧಿಗೆ ಇಟ್ಟುಕೊಳ್ಳಿ. ವರ್ಗೀಕೃತ ದತ್ತಾಂಶದ ಸೂತ್ರಗಳಿಗೆ ಹೋಗುವಾಗ ಇದೇ ಚೀಟಿಗಳನ್ನು 10,000–20,000, 20,000–30,000 ಹೀಗೆ ವರ್ಗಾಂತರಗಳಲ್ಲಿ ಜೋಡಿಸಿದರೆ ಆವೃತ್ತಿ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.