ಏಳು ಕ್ಲಬ್‌ಗೆ ಆಡಿದೆ, ಒಂದೂ ನನ್ನದಾಗಲಿಲ್ಲ

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಆಸ್ಟಿನ್ ಟೌನ್‌ನಲ್ಲಿ ಬೆಳೆದವನು. ಫುಟ್‌ಬಾಲ್ ಬಿಟ್ಟು ಬೇರೆ ಕೆಲಸ ಮಾಡಿಲ್ಲ. ಮಿಡ್‌ಫೀಲ್ಡರ್ ಆಗಿ ಬೆಂಗಳೂರು ಸೂಪರ್ ಡಿವಿಷನ್‌ನಿಂದ ಶುರುಮಾಡಿ ಗೋವಾ, ಕೋಲ್ಕತ್ತ, ಕೇರಳ ಅಂತ ಹತ್ತು ವರ್ಷದಲ್ಲಿ ಏಳು ಕ್ಲಬ್ ಆಯಿತು. ಎಲ್ಲೂ ಎರಡು ಸೀಸನ್ ದಾಟಲಿಲ್ಲ. ಕೊನೆಯ ಕ್ಲಬ್‌ನಿಂದ ಮೂರು ತಿಂಗಳ ಸಂಬಳ ಬರಬೇಕು. ಫೋನ್ ಮಾಡಿದರೆ ‘ಮುಂದಿನ ವಾರ’ ಅನ್ನುತ್ತಾರೆ. ಮನೆಗೆ ಬಂದರೆ ನೆಂಟರು ‘ಈಗ ಯಾವ ಟೀಮಪ್ಪಾ?’ ಅಂತ ಕೇಳುತ್ತಾರೆ, ಮನಸ್ಸಿಗೆ ಚುಚ್ಚುತ್ತದೆ. ಮದುವೆಯ ಮಾತು ನಡೆದಿದೆ. ‘ಒಂದು ಕಡೆ ನಿಲ್ಲದವನಿಗೆ ಮಗಳನ್ನು ಹೇಗೆ ಕೊಡೋದು’ ಎಂದರಂತೆ ಹುಡುಗಿಯ ತಂದೆ. ನಮ್ಮಪ್ಪ ಪರಿಚಯದವರ ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸ ನೋಡಿದ್ದಾರೆ. ನಾನು ಸೋತವನೇ? ಆಟ ಬಿಟ್ಟುಬಿಡಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಖಂಡಿತ ನೀವು ಸೋತವರಲ್ಲ. ಏಳು ಸಲ ಏಳು ಕಡೆಯ ಕೋಚ್‌ಗಳು ನಿಮ್ಮ ಆಟ ನೋಡಿ ‘ಈ ಹುಡುಗ ನನಗೆ ಬೇಕು’ ಎಂದಿದ್ದಾರೆ. ನಿಮ್ಮ ಜೊತೆ ಅದೇ ಮೈದಾನದಲ್ಲಿ ಆಡಿ ಬೆಳೆದ ಹುಡುಗರಲ್ಲಿ ಎಷ್ಟು ಜನರಿಗೆ ಆ ಮಾತು ಒಂದು ಸಲವಾದರೂ ಕೇಳಲು ಸಿಕ್ಕಿತು, ಯೋಚಿಸಿ.

ನಿಮ್ಮದೇ ಜಾಗದಲ್ಲಿ ಆಡುತ್ತಿದ್ದ ಎರಿಕ್ ಪಾರ್ಟಲು ಅವರನ್ನು ನೀವು ಕಂಠೀರವ ಕ್ರೀಡಾಂಗಣದಲ್ಲಿ ನೋಡಿರಬಹುದು. ಸಿಡ್ನಿಯ ಆಟಗಾರ. ಸ್ಕಾಟ್ಲೆಂಡಿನ ಸಣ್ಣ ಕ್ಲಬ್‌ಗಳಲ್ಲಿ ಆಡಿ, ಆಸ್ಟ್ರೇಲಿಯಾಕ್ಕೆ ಹಿಂದಿರುಗಿ, ಆಮೇಲೆ ಚೀನಾ, ಥಾಯ್ಲೆಂಡ್, ದಕ್ಷಿಣ ಕೊರಿಯಾ, ಕತಾರ್ ಎಂದು ಸುತ್ತಿ, 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬರುವಾಗ ಅವರಿಗೆ 31 ದಾಟಿತ್ತು. ನಾಲ್ಕು ಸೀಸನ್ ಇಲ್ಲಿದ್ದರು. 2018ರ ಸೂಪರ್ ಕಪ್, 2018–19ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ತಂಡದಲ್ಲಿದ್ದರು. ಅದಕ್ಕೂ ಮುಂಚೆ, 2011ರಲ್ಲಿ ಆಸ್ಟ್ರೇಲಿಯಾದ ಎ-ಲೀಗ್ ಫೈನಲ್‌ನಲ್ಲಿ ಅವರ ಬ್ರಿಸ್ಬೇನ್ ರೋರ್ ತಂಡ ಹೆಚ್ಚುವರಿ ಅವಧಿಯಲ್ಲಿ 0–2 ಹಿಂದಿತ್ತು. 120ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಪಂದ್ಯ ಸಮ ಮಾಡಿದ್ದು ಇವರೇ. ಪೆನಾಲ್ಟಿಯಲ್ಲಿ ತಂಡ ಗೆದ್ದಿತು. ಊರೂರು ಸುತ್ತಿದ ಈ ಆಟಗಾರನನ್ನು ಬ್ರಿಸ್ಬೇನ್‌ನವರೂ ಮರೆತಿಲ್ಲ, ನಾವೂ ಮರೆತಿಲ್ಲ.

ಅಷ್ಟೇಕೆ, ನಾವೆಲ್ಲ ನಮ್ಮವರೆಂದೇ ಕರೆಯುವ ಸುನಿಲ್ ಛೆಟ್ರಿ 2013ರಲ್ಲಿ ಬೆಂಗಳೂರಿಗೆ ಬರುವ ಮುನ್ನ ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಕನ್ಸಾಸ್ ಸಿಟಿ, ಚಿರಾಗ್ ಯುನೈಟೆಡ್, ಲಿಸ್ಬನ್‌ನ ಸ್ಪೋರ್ಟಿಂಗ್, ಚರ್ಚಿಲ್ ಬ್ರದರ್ಸ್ ಎಂದು ಎಂಟು ಜೆರ್ಸಿ ತೊಟ್ಟಾಗಿತ್ತು. ಆಗ ಅವರ ವಯಸ್ಸು ಹೆಚ್ಚುಕಡಿಮೆ ಇಂದಿನ ನಿಮ್ಮ ವಯಸ್ಸೇ. ಅವರ ಪ್ರತಿಭೆಯ ಜೊತೆ ನಿಮ್ಮನ್ನು ತೂಗಲು ಇದನ್ನು ಹೇಳುತ್ತಿಲ್ಲ. ಈ ಕಸುಬಿನಲ್ಲಿ ಕ್ಲಬ್ ಬದಲಾಗುವುದು ದೊಡ್ಡವರಿಗೂ ತಪ್ಪಿದ್ದಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಹುಡುಗಿಯ ತಂದೆಯ ಮೇಲೆ ಸಿಟ್ಟಾಗಬೇಡಿ. ಅವರು ಕಂಡ ಫುಟ್‌ಬಾಲೇ ಬೇರೆ ಇರಬೇಕು. ಬೆಂಗಳೂರಿನ ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ತಂಡಗಳ ಕಾಲದಲ್ಲಿ ಚೆನ್ನಾಗಿ ಆಡಿದವನಿಗೆ ಕಾರ್ಖಾನೆಯಲ್ಲಿ ಕೆಲಸ, ತಿಂಗಳ ಸಂಬಳ, ಆಟ ನಿಂತ ಮೇಲೂ ನಿವೃತ್ತಿಯವರೆಗೆ ನೌಕರಿ. ಒಂದೇ ಕಂಪನಿ, ಒಂದೇ ಜೆರ್ಸಿ. ಇವತ್ತು ನಿಮ್ಮಂಥವರಿಗೆ ಸಿಗುವುದು ಹೆಚ್ಚಾಗಿ ಒಂದು ಸೀಸನ್ನಿನ ಕರಾರು. ಕೋಚ್ ಬದಲಾದರೆ ಮಿಡ್‌ಫೀಲ್ಡ್ ಬದಲಾಗುತ್ತದೆ, ಹಣ ಹಾಕುವವರು ಹಿಂದೆ ಸರಿದರೆ ತಂಡವೇ ಇರುವುದಿಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ ಅನ್ನೇ ತಡೆಹಿಡಿದಾಗ ದೇಶದ ತಂಡಕ್ಕೆ ಆಡುವವರೂ ಮುಂದೇನೆಂದು ತಿಳಿಯದೆ ಕೂತಿದ್ದರು. ಇದನ್ನೆಲ್ಲ ‘ನಾನು ನಿಲ್ಲಲಾರದವನು’ ಎಂದು ನಿಮ್ಮ ಸ್ವಭಾವದ ಲೆಕ್ಕಕ್ಕೆ ಯಾಕೆ ಬರೆದುಕೊಳ್ಳುತ್ತೀರಿ?

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು ಆ ಮೂರು ತಿಂಗಳ ಸಂಬಳ. ನೀವಿನ್ನೂ ಫೋನಿನಲ್ಲೇ ಕೇಳುತ್ತಿದ್ದೀರಿ. ಫಿಫಾ ನಿಯಮದ ಪ್ರಕಾರ ಎರಡು ತಿಂಗಳ ಸಂಬಳ ಬಾಕಿಯಾದರೆ ಆಟಗಾರ ಲಿಖಿತ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಗಡುವು ನೀಡಿ, ಆಗಲೂ ಹಣ ಬಾರದಿದ್ದರೆ ಕರಾರು ಮುರಿದುಕೊಳ್ಳಬಹುದು. ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ. ಕರಾರಿನ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸ್‌ಆ್ಯಪ್ ಸಂದೇಶಗಳು ಎಲ್ಲವನ್ನೂ ಒಂದು ಕಡೆ ಜೋಡಿಸಿ, ನೋಟಿಸನ್ನು ಇಮೇಲ್‌ನಲ್ಲೂ ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿ. ಇಂಥ ತಕರಾರು ಕೇಳಲು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದಲ್ಲಿ (ಎಐಎಫ್‌ಎಫ್) ಆಟಗಾರರ ಸ್ಥಾನಮಾನ ಸಮಿತಿ ಇದೆ. ಆಟಗಾರರ ಸಂಘ ಎಫ್‌ಪಿಎಐ 2006ರಿಂದ ಇದೆ, ಅವರೊಡನೆ ಮಾತಾಡಿ. ‘ದೂರು ಕೊಟ್ಟವನನ್ನು ಮುಂದೆ ಯಾರೂ ಕರೆಯುವುದಿಲ್ಲ’ ಎಂಬ ಭಯ ನಿಮ್ಮಲ್ಲಿದ್ದರೆ ಅದು ಸಹಜವೇ. ಆದರೂ ಕೇಳಿ. ದುಡಿದ ದುಡ್ಡು ಕೇಳಲು ನಾಚಿಕೆಪಡಬಾರದು.

ಇನ್ನು ಗೋದಾಮಿನ ಕೆಲಸ. ಅದು ಕೀಳು ಕೆಲಸವೇನಲ್ಲ. ಅಪ್ಪನ ಕಾಳಜಿಯೂ ದೊಡ್ಡದು. ಆದರೆ ಈಗಲೇ ಸೇರಬೇಡಿ ಎನ್ನುತ್ತೇನೆ. ಮಿಡ್‌ಫೀಲ್ಡರ್ ಪಂದ್ಯವೊಂದರಲ್ಲಿ ಹತ್ತು ಕಿಲೋಮೀಟರಿಗೂ ಮಿಕ್ಕಿ ಓಡಬೇಕಾಗುತ್ತದೆ. ಮೊಣಕಾಲು ಗಟ್ಟಿಯಿದ್ದರೆ 33–34ರವರೆಗೆ ಆಡಬಹುದು. ಆ ವರ್ಷಗಳು ಮತ್ತೆ ಸಿಗುವುದಿಲ್ಲ, ಗೋದಾಮಿನ ಕೆಲಸ ಆಮೇಲೂ ಸಿಕ್ಕೀತು. ಹಾಗೆಂದು ಕಣ್ಣುಮುಚ್ಚಿ ಎಂಟನೇ ಕ್ಲಬ್‌ಗೆ ಓಡಬೇಡಿ. ನೋಂದಾಯಿತ ಕರಾರು ಕೈಗೆ ಬಾರದೆ ರೈಲು ಹತ್ತಬೇಡಿ. ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು ಎಂಬುದು ಅದರಲ್ಲಿ ಬರೆದಿರಲಿ. ಜೊತೆಗೆ ಈ ಬಿಡುವಿನಲ್ಲೇ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಕೋರ್ಸ್‌ಗೆ ಅರ್ಜಿ ಹಾಕಿ. ಕೋಚ್ ಆಗುವವರ ದಾರಿ ಅಲ್ಲಿಂದ ಸಿ, ಬಿ, ಎ ಎಂದು ಮೇಲೇರುತ್ತದೆ. ಬೆಂಗಳೂರಿನ ಅಕಾಡೆಮಿಗಳಿಗೆ, ಶಾಲೆಗಳಿಗೆ ಕೋಚ್‌ಗಳು ಬೇಕೇ ಬೇಕು. ಏಳು ತಂಡಗಳಲ್ಲಿ ಏಳು ಬಗೆಯ ಆಟ ಕಲಿತವರು ಮಕ್ಕಳಿಗೆ ಕಲಿಸಲು ಹೇಳಿ ಮಾಡಿಸಿದಂಥವರು. ಡಿ ಲೈಸೆನ್ಸ್ ಇದ್ದರೆ ಅಪ್ಪನಿಗೂ ಅರ್ಧ ಚಿಂತೆ ಕಳೆಯುತ್ತದೆ.

ಮದುವೆಯ ವಿಷಯದಲ್ಲಿ ಒಂದೇ ಮಾತು ಕೇಳಬೇಕೆನಿಸಿತು: ಆ ಹುಡುಗಿಯ ಅಭಿಪ್ರಾಯವೇನು? ಇಡೀ ಪತ್ರದಲ್ಲಿ ಅವಳ ಮಾತು ಒಂದೂ ಇಲ್ಲ. ವರ್ಷದಲ್ಲಿ ಏಳೆಂಟು ತಿಂಗಳು ಗಂಡ ಬೇರೆ ಊರಿನಲ್ಲಿರುವ ಸಂಸಾರ ಅವಳದ್ದಾಗುತ್ತದೆ. ಆದಾಯ, ಬಾಕಿ, ಇನ್ನೆಷ್ಟು ವರ್ಷ ಆಡುತ್ತೀರಿ, ಆಮೇಲೇನು ಎಂಬುದನ್ನು ನೀವೇ ಅವಳಿಗೆ ಹೇಳಿ, ಏನನ್ನೂ ಮುಚ್ಚಿಡಬೇಡಿ. ಅವಳು ಒಪ್ಪಿದರೆ ಅವಳ ತಂದೆಯ ಜೊತೆ ಮಾತಾಡಲು ನಿಮ್ಮಪ್ಪನನ್ನೂ ಕರೆದುಕೊಂಡು ಹೋಗಿ. ಒಪ್ಪದಿದ್ದರೆ ಅವಳ ನಿರ್ಧಾರವನ್ನು ಗೌರವಿಸಿ. ಅದಕ್ಕೂ ಮೊದಲು, ಈ ವಾರವೇ, ಸಂಬಳದ ನೋಟಿಸ್ ಕಳಿಸಿಬಿಡಿ.